ಒಂಟಿಚಕ್ರ ಗುದ್ದಿದರೆ ಪರಿಹಾರ ಕೊಡೋರು ಯಾರು?

ಎಚ್‌ಎಸ್‌ಆರ್ ಲೇಔಟಿನ 27ನೇ ಮೇನ್‌ನಲ್ಲಿ ಬೆಳಗ್ಗೆ ಒಂಬತ್ತೂವರೆಯ ಟ್ರಾಫಿಕ್ ಹೇಗಿರುತ್ತೆ ಅಂತ ಬೆಂಗಳೂರಿನವರಿಗೆ ವಿವರಿಸಬೇಕಿಲ್ಲ. ಕೆಲವು ವಾರಗಳ ಹಿಂದೆ ಅಲ್ಲಿ ಸ್ಕೂಟರ್ ಮೇಲೆ ಕೂತು ಸಿಗ್ನಲ್ ಕಾಯ್ತಾ ಇದ್ದೆ. ಪಕ್ಕಕ್ಕೆ ಒಬ್ಬ ಹುಡುಗ ಬಂದು ನಿಂತ. ಕಾಲುಗಳ ನಡುವೆ ದಪ್ಪನೆಯ ಒಂದೇ ಒಂದು ಚಕ್ರ, ಅದರ ಎರಡೂ ಬದಿಗೆ ಪಾದ ಇಡೋಕೆ ಪುಟ್ಟ ಪೆಡಲ್, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗ್, ಮುಖವೆಲ್ಲ ಮುಚ್ಚುವ ಹೆಲ್ಮೆಟ್. ಹ್ಯಾಂಡಲ್ ಇಲ್ಲ, ಸೀಟಿಲ್ಲ, ನಂಬರ್ ಪ್ಲೇಟಿಲ್ಲ. ಒಂದು ಕಾಲು ನೆಲಕ್ಕೆ ಊರಿ, ಬಸ್ಸಿಗೆ ಕಾಯುವವನ ಹಾಗೆ ಆರಾಮಾಗಿ ನಿಂತಿದ್ದ.

ಜಂಕ್ಷನ್‌ನಲ್ಲಿದ್ದ ಪೇದೆ ಹತ್ತಿರ ಬಂದರು. ಅವರ ಮುಖದಲ್ಲಿ ಸಿಟ್ಟಿಗಿಂತ ಕುತೂಹಲವೇ ಜಾಸ್ತಿ ಇತ್ತು.

"ಏನಪ್ಪಾ ಇದು? ಗಾಡೀನೋ, ಆಟದ ಸಾಮಾನೋ?"

"ಎಲೆಕ್ಟ್ರಿಕ್ ಸರ್. ಲೈಸೆನ್ಸ್, ರಿಜಿಸ್ಟ್ರೇಶನ್ ಏನೂ ಬೇಡ ಸರ್ ಇದಕ್ಕೆ."

"ಹೌದಾ? ಬಿದ್ದುಗಿದ್ದೀಯ, ಹುಷಾರು."

ಸಿಗ್ನಲ್ ಬಿಡ್ತು. ಹುಡುಗ ಸ್ವಲ್ಪ ಮುಂದಕ್ಕೆ ಬಾಗಿದ. ನಾನು ಗೇರ್ ಇಲ್ಲದ ನನ್ನ ಸ್ಕೂಟರಿನ ಆಕ್ಸಿಲರೇಟರ್ ತಿರುಗಿಸುವಷ್ಟರಲ್ಲಿ ಅವನು ಎರಡು ಕಾರಿನ ಸಂದಿಯಲ್ಲಿ ಮಾಯವಾಗಿದ್ದ.

ಆ ಸಂಭಾಷಣೆಯಲ್ಲಿ ಇಬ್ಬರೂ ಸುಳ್ಳು ಹೇಳಲಿಲ್ಲ. ಹುಡುಗ ತಾನು ನಂಬಿದ್ದನ್ನೇ ಹೇಳಿದ, ಪೇದೆ ಅದನ್ನು ನಂಬಿದರು. ಆದರೆ ಹುಡುಗನ ಮಾತು ಕಾನೂನಿನ ಪ್ರಕಾರ ತಪ್ಪು. ಯಾಕೆ ತಪ್ಪು ಅಂತ ಹುಡುಕ್ತಾ ಹೋದರೆ ಸಿಗುವ ಸಮಸ್ಯೆ ಈ ವಿಚಿತ್ರ ಗಾಡಿಗಿಂತ ಬಹಳ ದೊಡ್ಡದು.

ಎರಡು ಚಕ್ರ ಅಂತ ಬರೆದವರು ಒಂದನ್ನು ಮರೆತರು

"ಎಲೆಕ್ಟ್ರಿಕ್ ಅಂದ್ರೆ ಲೈಸೆನ್ಸ್ ಬೇಡ" ಅನ್ನೋ ನಂಬಿಕೆ ಎಲ್ಲಿಂದ ಬಂತು? ಕೇಂದ್ರ ಮೋಟಾರು ವಾಹನ ನಿಯಮಗಳ 2(ಯು) ಅನ್ನುವ ಕಡೆಯಿಂದ. ಬ್ಯಾಟರಿ ವಾಹನ ಅಂದರೆ ಏನು ಅಂತ ಹೇಳುವ ನಿಯಮ ಅದು. ಮೋಟರಿನ 30 ನಿಮಿಷದ ಶಕ್ತಿ 0.25 ಕಿಲೋವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರಬಾರದು. ಇಷ್ಟಿದ್ದು, ಪುಣೆಯ ಎಆರ್‌ಎಐನಂಥ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ಅದನ್ನು ಪರಿಶೀಲಿಸಿ ಒಪ್ಪಿದ್ದರೆ, ಆ ಗಾಡಿ ಮೋಟಾರು ವಾಹನ ಅನ್ನಿಸಿಕೊಳ್ಳುವುದಿಲ್ಲ. ಲೈಸೆನ್ಸ್ ಬೇಡ, ನಂಬರ್ ಬೇಡ, ವಿಮೆ ಬೇಡ. ನಗರದಲ್ಲಿ ಬಾಡಿಗೆಗೆ ಸಿಗುವ ಯುಲುವಿನ ಪುಟ್ಟ ನೀಲಿ ಗಾಡಿಗಳು ಓಡುವುದು ಇದೇ ವಿನಾಯಿತಿಯ ಅಡಿಯಲ್ಲಿ.

ಈ ನಿಯಮ "ಎರಡು ಚಕ್ರದ" ಗಾಡಿ ಅನ್ನುತ್ತೆ. ಪೆಡಲ್ ಇರುವ ಸೈಕಲ್ಲು, ಟ್ರೈಸಿಕಲ್ಲುಗಳಿಗೂ ಜಾಗ ಮಾಡಿಕೊಟ್ಟಿದೆ. ಒಂದು ಚಕ್ರದ ಗಾಡಿ ಅದನ್ನು ಬರೆದವರ ಕಲ್ಪನೆಯಲ್ಲೇ ಇರಲಿಲ್ಲ. ಅವರನ್ನು ದೂರುವಂತಿಲ್ಲ. ಅಮೆರಿಕದ ಶೇನ್ ಚೆನ್ 'ಸೋಲೋವೀಲ್' ಅನ್ನುವ ಹ್ಯಾಂಡಲ್ ಇಲ್ಲದ ಒಂಟಿಚಕ್ರವನ್ನು ಮಾರುಕಟ್ಟೆಗೆ ತಂದದ್ದೇ 2010ರ ನಂತರ. ಆಮೇಲೆ ಚೀನಾದ ಇನ್‌ಮೋಷನ್, ಕಿಂಗ್‌ಸಾಂಗ್, ಬಿಗೋಡ್ ಥರದ ಕಂಪನಿಗಳು ಅದನ್ನು ಎಲ್ಲಿಂದ ಎಲ್ಲಿಗೋ ಒಯ್ದವು.

ವಿನಾಯಿತಿ ಸಿಗದಿದ್ದರೆ ಮೂಲ ಕಾಯ್ದೆಗೆ ವಾಪಸ್ ಹೋಗಬೇಕು. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(28)ರ ಪ್ರಕಾರ, ಯಂತ್ರಶಕ್ತಿಯಿಂದ ಓಡುವ, ರಸ್ತೆಯಲ್ಲಿ ಬಳಸಲು ತಕ್ಕ ಹಾಗಿರುವ ಯಾವುದೇ ಗಾಡಿ ಮೋಟಾರು ವಾಹನ. ನಾಲ್ಕಕ್ಕಿಂತ ಕಡಿಮೆ ಚಕ್ರ, 25 ಸಿಸಿ ಮೀರದ ಎಂಜಿನ್ ಇರುವ ಗಾಡಿಗಳನ್ನು ಅಲ್ಲಿ ಹೊರಗಿಟ್ಟಿದ್ದಾರೆ. ಒಂಟಿಚಕ್ರಕ್ಕೆ ನಾಲ್ಕಕ್ಕಿಂತ ಕಡಿಮೆ ಚಕ್ರ ಇರೋದು ನಿಜ. ಆದರೆ ಸಿಸಿ ಎಷ್ಟು? ಎಲೆಕ್ಟ್ರಿಕ್ ಮೋಟರಿಗೆ ಸಿಸಿ ಅನ್ನೋದೇ ಇಲ್ಲವಲ್ಲ! ಇಂಥ ವಾದವನ್ನು ಜಾಣ ವಕೀಲರೊಬ್ಬರು ಒಂದು ವರ್ಷ ಎಳೆಯಬಹುದು. ನನ್ನ ಮಟ್ಟಿಗೆ ಸೀದಾ ಓದಿದರೆ ಇದು ಮೋಟಾರು ವಾಹನವೇ. ವಿನಾಯಿತಿ ಬೇಕಾದವರಿಗೆ 2(ಯು) ಅಂತ ಬೇರೆಯೇ ಬಾಗಿಲು ಮಾಡಿರುವಾಗ, ಬ್ಯಾಟರಿ ಗಾಡಿಗಳೆಲ್ಲ ಸಿಸಿ ಇಲ್ಲ ಅನ್ನೋ ಕಾರಣಕ್ಕೆ ಹೊರಗುಳಿಯುತ್ತವೆ ಅನ್ನೋದಕ್ಕೆ ಅರ್ಥವಿಲ್ಲ.

ಮೋಟಾರು ವಾಹನ ಅಂದ ಮೇಲೆ ಸೆಕ್ಷನ್ 39ರ ಪ್ರಕಾರ ನೋಂದಣಿ ಬೇಕು, ಸೆಕ್ಷನ್ 146ರ ಪ್ರಕಾರ ಥರ್ಡ್ ಪಾರ್ಟಿ ವಿಮೆ ಬೇಕು. ಆದರೆ ನೋಂದಣಿ ಆಗಬೇಕಾದರೆ ಆ ಮಾದರಿಗೆ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಇರಬೇಕು, ಆ ಒಪ್ಪಿಗೆ ಸಿಗಬೇಕಾದರೆ ಗಾಡಿ ಯಾವುದಾದರೂ ಒಂದು ವರ್ಗಕ್ಕೆ ಸೇರಿರಬೇಕು. ಒಂದು ಚಕ್ರದ ವರ್ಗ ಇಲ್ಲ. ಅಂದರೆ ಕಾನೂನು ಇದನ್ನು ನಿಷೇಧಿಸಿಲ್ಲ, ಒಪ್ಪಿಯೂ ಇಲ್ಲ. "ನೋಂದಣಿ ಮಾಡಿಸು" ಅನ್ನುತ್ತೆ, ಮಾಡಿಸಲು ಕೌಂಟರ್ ಇಟ್ಟಿಲ್ಲ.

ಇನ್ನೂ ತಮಾಷೆ ಬೇಕಾ? ಹೆಲ್ಮೆಟ್ ಕಡ್ಡಾಯ ಮಾಡುವ ಸೆಕ್ಷನ್ 129 ಹೇಳುವುದು ಮೋಟಾರ್‌ಸೈಕಲ್ ಸವಾರರ ಬಗ್ಗೆ. ಮೋಟಾರ್‌ಸೈಕಲ್ ಅಂದರೆ ಎರಡು ಚಕ್ರದ ಮೋಟಾರು ವಾಹನ ಅಂತ ಅದೇ ಕಾಯ್ದೆ ಹೇಳುತ್ತೆ. ಹಾಗಾಗಿ ಆ ಹುಡುಗ ಹಾಕಿದ್ದ ಹೆಲ್ಮೆಟ್ ಅವನ ಬುದ್ಧಿವಂತಿಕೆಯೇ ಹೊರತು ಕಾಯ್ದೆಯ ಬಲವಂತ ಅಲ್ಲ.

ಮುಂದಕ್ಕೆ ಬಾಗಿದರೆ ಓಡುತ್ತೆ, ಬಾಗಿದ್ದು ಜಾಸ್ತಿಯಾದರೆ?

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು. ಕಂಟ್ರೋಲ್ ಸಿಸ್ಟಮ್ಸ್ ಪೇಪರಿನಲ್ಲಿ ತಲೆಕೆಳಗಾದ ಲೋಲಕದ ಲೆಕ್ಕ ಮಾಡಿ ಪಾಸಾದವನು. ಹತ್ತು ವರ್ಷ ಆದ ಮೇಲೆ ಆ ಲೆಕ್ಕ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನನ್ನ ಮೊಣಕೈಗೆ ಅರ್ಥ ಆಯ್ತು. ಪರಿಚಯದ ಒಬ್ಬರ ಹತ್ತಿರ ಇಂಥ ಗಾಡಿ ಇದೆ. "ಒಂದು ರೌಂಡ್ ನೋಡ್ತೀರಾ?" ಅಂದರು. ಗೋಡೆ ಹಿಡಿದು ಹತ್ತಿದೆ, ಹತ್ತು ಅಡಿ ಹೋದೆ, ಬಿದ್ದೆ. ಅರ್ಧ ಗಂಟೆ ಇದೇ ಕತೆ. ಕೊನೆಗೆ ಒಮ್ಮೆ ಕಂಬದಿಂದ ಕಂಬಕ್ಕೆ ಬೀಳದೆ ಹೋದಾಗ ಆದ ಖುಷಿ ಸೈಕಲ್ ಕಲಿತ ದಿನದ್ದೇ. ಈ ಗಾಡಿಯನ್ನು ಸುಮ್ಮನೆ ಗೇಲಿ ಮಾಡಿ ಬಿಡೋಕೆ ನನಗೆ ಆಗದಿರೋದು ಅದಕ್ಕೇ.

ಒಳಗೆ ನಡೆಯೋದು ಇಷ್ಟು. ಗೈರೋಸ್ಕೋಪ್ ಮತ್ತು ಆಕ್ಸಿಲರೋಮೀಟರ್ ನೀವು ಎಷ್ಟು ಬಾಗಿದ್ದೀರಿ ಅಂತ ಕ್ಷಣಕ್ಷಣಕ್ಕೂ ಅಳೆಯುತ್ತವೆ. ಮುಂದಕ್ಕೆ ಬಾಗಿದರೆ ನೀವು ಬೀಳೋಕೆ ಶುರುವಾದ ಹಾಗೆ. ಮೋಟರ್ ಚಕ್ರವನ್ನು ಅಷ್ಟೇ ಬೇಗ ಮುಂದಕ್ಕೆ ತಳ್ಳಿ ನಿಮ್ಮ ಭಾರದ ಅಡಿಗೆ ತರುತ್ತೆ. ಅಂಗೈ ಮೇಲೆ ಕೋಲು ನಿಲ್ಲಿಸಿಕೊಂಡು ಓಡುವ ಆಟ ಗೊತ್ತಲ್ಲ, ಅದೇ. ಹಿಂದಕ್ಕೆ ಬಾಗಿದರೆ ಚಕ್ರ ನಿಧಾನ ಆಗುತ್ತೆ. ಬೇರೆ ಬ್ರೇಕ್ ಇಲ್ಲ. ಡಿಸ್ಕ್ ಇಲ್ಲ, ಡ್ರಮ್ ಇಲ್ಲ, ಲಿವರ್ ಇಲ್ಲ. ಓಡಿಸುವ ಮೋಟರ್ರೇ ನಿಲ್ಲಿಸಬೇಕು, ಬೀಳದ ಹಾಗೆ ಹಿಡಿಯಬೇಕಾದದ್ದೂ ಅದೇ ಮೋಟರ್.

ಇಲ್ಲೇ ಗಂಡಾಂತರ. ಚಕ್ರ ಜೋರಾಗಿ ತಿರುಗಿದಷ್ಟೂ ಮೋಟರ್ ತಾನೇ ಒಂದು ಜನರೇಟರಿನ ಹಾಗೆ ಬ್ಯಾಟರಿಗೆ ಎದುರಾಗಿ ವೋಲ್ಟೇಜ್ ಹುಟ್ಟಿಸುತ್ತೆ. ವೇಗ ಏರಿದ ಹಾಗೆ ಬ್ಯಾಟರಿಯ ವೋಲ್ಟೇಜಿಗೂ ಈ ಎದುರು ವೋಲ್ಟೇಜಿಗೂ ಅಂತರ ಕಡಿಮೆಯಾಗುತ್ತೆ. ಮೋಟರ್ ಹತ್ತಿರ ಮಿಕ್ಕಿರುವ ತಳ್ಳುವ ಶಕ್ತಿ ಅಂದರೆ ಆ ಅಂತರವೇ. ಬ್ಯಾಟರಿ ಅರ್ಧ ಖಾಲಿಯಾಗಿದ್ದರೆ ಅಂತರ ಇನ್ನೂ ಕಡಿಮೆ. ಅಂಥ ಹೊತ್ತಿಗೆ ಒಂದು ಗುಂಡಿ ಸಿಕ್ಕಿತು ಅಂದುಕೊಳ್ಳಿ. ಗುಂಡಿಯಿಂದ ಚಕ್ರ ಮೇಲೇಳೋಕೆ ಮೋಟರ್ ಒಮ್ಮೆಲೇ ಜಾಸ್ತಿ ಶಕ್ತಿ ಕೊಡಬೇಕು. ಕೊಡೋಕೆ ಉಳಿದಿಲ್ಲ. ಚಕ್ರ ಹಿಂದೆ ಉಳಿಯುತ್ತೆ, ಸವಾರ ಮುಂದೆ ಹಾರುತ್ತಾನೆ. ಒಳ್ಳೆಯ ಗಾಡಿಗಳು ಅದಕ್ಕೂ ಮೊದಲೇ ಬೀಪ್ ಮಾಡುತ್ತವೆ, ಪೆಡಲನ್ನು ಹಿಂದಕ್ಕೆ ವಾಲಿಸಿ "ಸಾಕು" ಅನ್ನುತ್ತವೆ. ಸವಾರ ಕೇಳಿಸಿಕೊಳ್ಳಬೇಕು ಅಷ್ಟೇ.

ಇದು ಬರೀ ಥಿಯರಿ ಅಲ್ಲ. ಇದೇ ತತ್ವದ ಮೇಲೆ ಓಡುವ 'ಒನ್‌ವೀಲ್' ಅನ್ನುವ ಒಂಟಿಚಕ್ರದ ಹಲಗೆಯ ಬಗ್ಗೆ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2022ರ ನವೆಂಬರಿನಲ್ಲಿ ಬಳಸಬೇಡಿ ಅಂತ ಎಚ್ಚರಿಕೆ ಕೊಟ್ಟಿತು. ತಯಾರಕ ಕಂಪನಿ ಫ್ಯೂಚರ್ ಮೋಷನ್ ಮೊದಲು ಒಪ್ಪಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಸುಮಾರು 3 ಲಕ್ಷ ಗಾಡಿಗಳನ್ನು, ಅಂದರೆ ಅಲ್ಲಿಯವರೆಗೆ ಮಾರಿದ್ದ ಎಲ್ಲ ಮಾದರಿಗಳನ್ನೂ, ರೀಕಾಲ್ ಮಾಡಬೇಕಾಯಿತು. ಮಿತಿ ಮೀರಿ ತಳ್ಳಿದಾಗ ಸಮತೋಲನ ತಪ್ಪುತ್ತದೆ ಅನ್ನೋದೇ ಕಾರಣ. 2019ರಿಂದ 2021ರ ನಡುವಿನ ನಾಲ್ಕು ಸಾವುಗಳು ಆ ಕಡತದಲ್ಲಿವೆ.

ಈಗ ನಮ್ಮ 2(ಯು) ನಿಯಮಕ್ಕೆ ವಾಪಸ್ ಬನ್ನಿ. ಸುರಕ್ಷತೆಗಾಗಿ ಮೋಟರಿನ ಶಕ್ತಿಯನ್ನು 250 ವ್ಯಾಟಿನ ಒಳಗೆ ಇಡಬೇಕು ಅನ್ನುತ್ತೆ ನಮ್ಮ ನಿಯಮ. ಎರಡು ಚಕ್ರದ ಗಾಡಿಗೆ ಅದು ಸರಿ: ಶಕ್ತಿ ಕಡಿಮೆ ಇದ್ದರೆ ವೇಗ ಕಡಿಮೆ, ಅಪಾಯ ಕಡಿಮೆ. ಒಂಟಿಚಕ್ರಕ್ಕೆ ಇದು ಪೂರ್ತಿ ಉಲ್ಟಾ. ಇಲ್ಲಿ ಮಿಗುತಾಯದ ಶಕ್ತಿಯೇ ಬ್ರೇಕು, ಅದೇ ಸಮತೋಲನ. ನಾಳೆ ಯಾರಾದರೂ "ಎರಡು ಚಕ್ರ" ಅನ್ನೋದನ್ನು "ಒಂದು ಅಥವಾ ಎರಡು ಚಕ್ರ" ಅಂತ ತಿದ್ದಿ, 250 ವ್ಯಾಟಿನ ಮಿತಿಯನ್ನು ಹಾಗೇ ಬಿಟ್ಟರೆ, ಕಾನೂನುಬದ್ಧವಾದ ಒಂಟಿಚಕ್ರವೇ ಅತ್ಯಂತ ಅಪಾಯಕಾರಿ ಒಂಟಿಚಕ್ರ ಆಗುತ್ತೆ. 80 ಕಿಲೋ ತೂಕದ ಮನುಷ್ಯನನ್ನು ಗುಂಡಿಯ ಅಂಚಿನಲ್ಲಿ ಹಿಡಿದು ನಿಲ್ಲಿಸಲು 250 ವ್ಯಾಟ್ ಸಾಕಾಗಲ್ಲ.

ಜರ್ಮನಿಯವರು ಇದನ್ನು ಗಮನಿಸಿದ್ದಾರೆ. 2019ರಲ್ಲಿ ಅವರು ಪುಟ್ಟ ಎಲೆಕ್ಟ್ರಿಕ್ ಗಾಡಿಗಳಿಗೆ ತಂದ ನಿಯಮದಲ್ಲಿ ಸಾಧಾರಣ ಮಿತಿ 500 ವ್ಯಾಟ್. ಆದರೆ ಶಕ್ತಿಯ ಕನಿಷ್ಠ 60 ಶೇಕಡ ಸಮತೋಲನಕ್ಕೇ ಬಳಕೆಯಾಗುವ ಗಾಡಿಗಳಿಗೆ 1400 ವ್ಯಾಟಿನವರೆಗೆ ಅವಕಾಶ. ವೇಗದ ಮಿತಿ ಮಾತ್ರ ಎಲ್ಲಕ್ಕೂ ಗಂಟೆಗೆ 20 ಕಿಲೋಮೀಟರ್. ಇಷ್ಟು ಸೂಕ್ಷ್ಮವಾಗಿ ಬರೆದವರು ಪಕ್ಕದಲ್ಲೇ "ಹಿಡಿಕೆಯ ಕಂಬ ಇರಲೇಬೇಕು" ಅಂತ ಸೇರಿಸಿ ಒಂಟಿಚಕ್ರವನ್ನು ಹೊರಗಿಟ್ಟರು ಅನ್ನೋದು ಬೇರೆ ಮಾತು. ಸೆಗ್‌ವೇಗೆ ಒಳಗೆ ಜಾಗ, ಒಂಟಿಚಕ್ರಕ್ಕಿಲ್ಲ.

ವೇಗದ ಲೆಕ್ಕ ಮಹಡಿಯಲ್ಲಿ

ಒಂಟಿಚಕ್ರ ಅಂತ ಒಂದೇ ಹೆಸರಲ್ಲಿ ಕರೆದರೂ ಒಳಗೆ ಎರಡು ಜಾತಿ ಇವೆ. ಒಂದು, 15-20 ಕಿಲೋ ತೂಗುವ, ಆಫೀಸಿಗೆ ಎಳೆದುಕೊಂಡು ಹೋಗಿ ಮೇಜಿನ ಕೆಳಗೆ ಇಡಬಹುದಾದ ಗಾಡಿ. ಇನ್ನೊಂದು, 40 ಕಿಲೋ ತೂಗುವ, 100 ವೋಲ್ಟಿಗಿಂತ ಮೇಲಿನ ಬ್ಯಾಟರಿಯ, ಗಂಟೆಗೆ 70 ಕಿಲೋಮೀಟರ್ ದಾಟುವ ದೈತ್ಯ. ಇವುಗಳಲ್ಲಿ ಕೆಲವಕ್ಕೆ 3 ಕಿಲೋವ್ಯಾಟ್-ಅವರ್ ಬ್ಯಾಟರಿ ಇರುತ್ತೆ. ನಮ್ಮ ರಸ್ತೆಯಲ್ಲಿ ಓಡುವ ಸಾಧಾರಣ ಎಲೆಕ್ಟ್ರಿಕ್ ಸ್ಕೂಟರಿಗೆ ಇರುವಷ್ಟೇ.

ವೇಗ ಅಂದರೆ ಏನು ಅಂತ ತಿಳಿಯೋಕೆ ಹೈಸ್ಕೂಲಿನ ಭೌತಶಾಸ್ತ್ರ ಸಾಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದೋದು ಸುಮಾರು ಎರಡೂವರೆ ಮೀಟರ್ ಎತ್ತರದಿಂದ ಬಿದ್ದ ಹಾಗೆ. ಮಾಳಿಗೆಯ ಏಣಿಯಿಂದ ಜಾರಿದ ಹಾಗೆ ಅಂದುಕೊಳ್ಳಿ. 50 ಕಿಲೋಮೀಟರ್ ಅಂದರೆ ಸುಮಾರು ಹತ್ತು ಮೀಟರ್, ಮೂರನೇ ಮಹಡಿ. ವೇಗ ಎರಡು ಪಟ್ಟು, ಪೆಟ್ಟು ನಾಲ್ಕು ಪಟ್ಟು. ಈ ಎರಡನ್ನೂ ಒಂದೇ ಹೆಸರಿನಡಿ "ಬೇಕು" ಅಥವಾ "ಬೇಡ" ಅನ್ನೋದೇ ಮೊದಲ ತಪ್ಪು. 70ರಲ್ಲಿ ಓಡುವ ಗಾಡಿ ನನ್ನ ಪ್ರಕಾರ ಪ್ರತ್ಯೇಕ ಬ್ರೇಕ್ ಇಲ್ಲದ ಮೋಟಾರ್‌ಸೈಕಲ್. ಅದನ್ನು ಸಾರ್ವಜನಿಕ ರಸ್ತೆಗೆ ಬಿಡಬೇಕು ಅಂತ ವಾದಿಸೋರ ಜೊತೆ ನಾನಿಲ್ಲ.

ಮನೆಯೊಳಗಿನ ಅಪಾಯ ಇನ್ನೊಂದು. 2022ರ ಬೇಸಿಗೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಸುದ್ದಿ ನೆನಪಿರಬಹುದು. ಆಮೇಲೆ ಸರ್ಕಾರ ಎಐಎಸ್-156 ಅನ್ನುವ ಬ್ಯಾಟರಿ ಮಾನದಂಡವನ್ನು ಬಿಗಿ ಮಾಡಿತು. ಅದು ಅನ್ವಯ ಆಗೋದು ಕಾನೂನು ಗುರುತಿಸಿದ ವರ್ಗದ ಗಾಡಿಗಳಿಗೆ. ಪಾರ್ಸೆಲ್‌ನಲ್ಲಿ ಆಮದಾಗಿ ಬಂದು ಬೆಡ್‌ರೂಮಿನಲ್ಲಿ ಚಾರ್ಜ್ ಆಗುವ ಒಂಟಿಚಕ್ರ ಆ ಪರೀಕ್ಷೆಯ ಹತ್ತಿರಕ್ಕೂ ಹೋಗಿರಲ್ಲ. ನ್ಯೂಯಾರ್ಕ್ ನಗರದಲ್ಲಿ 2023ರ ಒಂದೇ ವರ್ಷ ಲಿಥಿಯಂ ಬ್ಯಾಟರಿಗಳ ಬೆಂಕಿಗೆ 18 ಜನ ಸತ್ತರು. ಇ-ಬೈಕು, ಇ-ಸ್ಕೂಟರುಗಳ ಬ್ಯಾಟರಿಗೆ ಪ್ರಮಾಣಪತ್ರ ಕಡ್ಡಾಯ ಮಾಡಿದ ಕಾನೂನು ಅಲ್ಲಿ ಜಾರಿಗೆ ಬಂದದ್ದೂ ಅದೇ ವರ್ಷ.

ರಸ್ತೆಯಲ್ಲಿ ಹೋದ್ರೆ ಬಸ್ಸು, ಫುಟ್‌ಪಾತಲ್ಲಿ ಹೋದ್ರೆ ನಾನು

ಬೇಸ್‌ಮೆಂಟಿನಲ್ಲಿ ನನಗೆ ಕಲಿಸಿದ ಪರಿಚಯದವರಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಿ ಓಡಿಸ್ತೀರಿ?" ಅವರು ನಕ್ಕು ಹೇಳಿದ್ದು: "ರೋಡಲ್ಲಿ ಹೋದ್ರೆ ಬಸ್ಸು ನನ್ನ ಗುದ್ದುತ್ತೆ, ಫುಟ್‌ಪಾತಲ್ಲಿ ಹೋದ್ರೆ ನಾನು ಇನ್ಯಾರನ್ನೋ ಗುದ್ದುತೀನಿ. ಎರಡರಲ್ಲಿ ಯಾವುದು ಖಾಲಿ ಇದೆಯೋ ಅದರಲ್ಲಿ."

ಇದರ ಎರಡನೇ ಭಾಗ ನನ್ನನ್ನು ಕಾಡುತ್ತೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತೆ. ಅದರಲ್ಲಿ 32,825 ಜನ ಪಾದಚಾರಿಗಳು. ಅವರನ್ನು ಕೊಂದದ್ದು ಒಂಟಿಚಕ್ರ ಅಲ್ಲ, ಲಾರಿ, ಕಾರು, ಬೈಕು. ಆದರೆ ಇಷ್ಟು ಜನ ಸಾಯುವ ರಸ್ತೆಯಲ್ಲಿ ಪಾದಚಾರಿಗೆ ಉಳಿದಿರುವುದು ಒಡೆದ ಫುಟ್‌ಪಾತ್ ಒಂದೇ. ಅದನ್ನೂ ಈಗಾಗಲೇ ಟ್ರಾನ್ಸ್‌ಫಾರ್ಮರ್, ಪಾರ್ಕಿಂಗ್, ಪೀಕ್ ಅವರಿನಲ್ಲಿ ನುಗ್ಗುವ ಬೈಕುಗಳು ಹಂಚಿಕೊಂಡಿವೆ. 2025ರ ಮೇ 14ರಂದು ಸುಪ್ರೀಂ ಕೋರ್ಟ್, ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿದೆ. ಅಲ್ಲಿಗೆ ಸದ್ದೇ ಇಲ್ಲದೆ ಹಿಂದಿನಿಂದ ಬರುವ ಇನ್ನೊಂದು ಗಾಡಿಯನ್ನು ಬಿಡೋದು ಬೇಡ.

ಸಿಂಗಾಪುರ ಈ ದಾರಿಯನ್ನು ಮೊದಲೇ ನಡೆದು ನೋಡಿತು. ಅಲ್ಲಿ ಮೊದಲು ಫುಟ್‌ಪಾತಿನಲ್ಲೇ ಇ-ಸ್ಕೂಟರುಗಳಿಗೆ ಅವಕಾಶ ಇತ್ತು. ಡಿಕ್ಕಿಗಳು ಹೆಚ್ಚಿದವು. 2019ರ ಸೆಪ್ಟೆಂಬರಿನಲ್ಲಿ ಇ-ಸ್ಕೂಟರ್ ಡಿಕ್ಕಿಯಾಗಿ 65 ವರ್ಷದ ಸೈಕಲ್ ಸವಾರೆ ತೀರಿಕೊಂಡರು. ನವೆಂಬರ್ 5ರಿಂದ ಇ-ಸ್ಕೂಟರುಗಳಿಗೆ ಫುಟ್‌ಪಾತ್ ಬಂದ್. 2020ರ ಏಪ್ರಿಲಿನಿಂದ ಒಂಟಿಚಕ್ರ, ಹೋವರ್‌ಬೋರ್ಡುಗಳಿಗೂ ಬಂದ್. ಮಿಕ್ಕಿದ್ದು ಸೈಕಲ್ ಪಥ ಮಾತ್ರ. ಇದರ ಬಿಸಿ ಮೊದಲು ತಟ್ಟಿದ್ದು ಊಟ ತಲುಪಿಸುವ ಹುಡುಗರಿಗೆ. ಅವರು ಬೇರೆ ಗಾಡಿಗೆ ಬದಲಾಗಲು ಸರ್ಕಾರ ಅನುದಾನವನ್ನೂ ಕೊಡಬೇಕಾಯ್ತು.

ಸಿಂಗಾಪುರದಲ್ಲಿ ಸೈಕಲ್ ಪಥ ಅಂತ ಒಂದು ಇದೆ, ಅಲ್ಲಿಗೆ ಹೋಗಿ ಅಂತ ಹೇಳಬಹುದು. ನಮ್ಮಲ್ಲಿ? 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಮಾಡಿದ ಸೈಕಲ್ ಪಥ ನೆನಪಿದೆಯಾ? ಸಿಲ್ಕ್ ಬೋರ್ಡ್ ಕಡೆಯಿಂದ ಹೊರಟ ಆ ಪಥದ ಕಂಬಗಳು ಒಂದೊಂದಾಗಿ ಮುರಿದವು, ಬಸ್ಸು ಕಾರುಗಳು ಒಳಗೆ ಬಂದವು, ಮೆಟ್ರೋ ಕಾಮಗಾರಿ ಬಂತು. ನಗರ ಭೂಸಾರಿಗೆ ನಿರ್ದೇಶನಾಲಯ 2021ರಲ್ಲಿ ನಡೆಯುವವರ ಮತ್ತು ಸೈಕಲ್ ತುಳಿಯುವವರ ಹಕ್ಕಿಗಾಗಿ ಸಕ್ರಿಯ ಸಂಚಾರ ಮಸೂದೆಯ ಕರಡು ತಯಾರಿಸಿತ್ತು. ವರ್ಷಗಳ ಕಾಲ ಅದು ಕರಡಾಗಿಯೇ ಉಳಿಯಿತು.

ಗುದ್ದಿಸಿಕೊಂಡವರ ಕಡೆಯಿಂದ

ಈಗ ತಲೆಬರಹದ ಪ್ರಶ್ನೆ. ಬಸ್ ಸ್ಟಾಪಿನಲ್ಲಿ ನಿಂತ ಒಬ್ಬ ಹೆಂಗಸಿಗೆ ಒಂಟಿಚಕ್ರ ಗುದ್ದಿ ಸೊಂಟದ ಮೂಳೆ ಮುರಿಯಿತು ಅಂದುಕೊಳ್ಳಿ. ಮನೆಗೆಲಸ ಮಾಡಿ ಬದುಕುವವರು, ಆರು ತಿಂಗಳು ಏಳುವ ಹಾಗಿಲ್ಲ.

ಗುದ್ದಿದ್ದು ಕಾರೋ ಬೈಕೋ ಆಗಿದ್ದರೆ ದಾರಿ ಗೊತ್ತಿದೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ, ವಿಮಾ ಕಂಪನಿ ಪ್ರತಿವಾದಿ, ತಡವಾದರೂ ಹಣ ಬರುತ್ತೆ. ಗುದ್ದಿ ಓಡಿಹೋಗಿ ಗಾಡಿ ಯಾವುದು ಅಂತಲೇ ಗೊತ್ತಾಗದಿದ್ದರೂ 2022ರ ಹಿಟ್ ಅಂಡ್ ರನ್ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ ರೂಪಾಯಿ ಇದೆ.

ಒಂಟಿಚಕ್ರ ಮೋಟಾರು ವಾಹನ ಅಂತ ನ್ಯಾಯಮಂಡಳಿ ಒಪ್ಪಿದರೆ ಪರಿಹಾರದ ಆದೇಶ ಸಿಗಬಹುದು. ಆದರೆ ವಿಮೆ ಇಲ್ಲ, ಹಾಗಾಗಿ ಹಣ ಬರಬೇಕಾದದ್ದು ಸವಾರನ ಜೇಬಿನಿಂದ. ಅವನ ಹತ್ತಿರ ಇಲ್ಲದಿದ್ದರೆ ಆದೇಶದ ಪ್ರತಿ ಮಾತ್ರ. ಮೋಟಾರು ವಾಹನ ಅಲ್ಲ ಅಂತಾದರೆ ನ್ಯಾಯಮಂಡಳಿಯ ಬಾಗಿಲೇ ಮುಚ್ಚುತ್ತೆ. ಆಮೇಲೆ ಉಳಿಯೋದು ಸಾಮಾನ್ಯ ಸಿವಿಲ್ ದಾವೆ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 281ರಲ್ಲಿ ಅಜಾಗರೂಕ ಚಾಲನೆಯ ಕೇಸು ಹಾಕಬಹುದು, ಅದು ಯಾವ ವಾಹನಕ್ಕಾದರೂ ಅನ್ವಯ ಆಗುತ್ತೆ. ಆದರೆ ಅಲ್ಲಿನ ದಂಡ ಸಾವಿರ ರೂಪಾಯಿ, ಇಲ್ಲವೇ ಆರು ತಿಂಗಳವರೆಗಿನ ಜೈಲು. ಆ ಹೆಂಗಸಿನ ಆಸ್ಪತ್ರೆ ಬಿಲ್ಲು ಅದರಿಂದ ಕಟ್ಟೋಕಾಗಲ್ಲ.

ಹುಷಾರಾಗಿ ನೋಡಿದರೆ ಈ ಕತೆಯಲ್ಲಿ ಒಂಟಿಚಕ್ರ ಒಂದು ನೆಪ. ಇಡೀ ನಗರದಲ್ಲಿ ಅಂಥ ಗಾಡಿ ಎಷ್ಟಿದ್ದಾವು? ಆದರೆ 2(ಯು) ವಿನಾಯಿತಿಯಲ್ಲಿ ಓಡುವ ಕಡಿಮೆ ವೇಗದ ಸ್ಕೂಟರುಗಳು ಪ್ರತಿ ಗಲ್ಲಿಯಲ್ಲೂ ಇವೆ. ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ತಲುಪಿಸುವ ಹುಡುಗರಲ್ಲಿ ಹಲವರು ಓಡಿಸುವುದು ಅವನ್ನೇ, ಯಾಕೆಂದರೆ ಲೈಸೆನ್ಸ್ ಬೇಡ. ಕೆಲವು ಮಾದರಿಗಳಲ್ಲಿ ಕಂಟ್ರೋಲರಿನ ಒಂದು ವೈರ್ ಬಿಚ್ಚಿದರೆ 25ರ ಮಿತಿ ಹೋಯ್ತು. ಅವಕ್ಕೂ ಕಡ್ಡಾಯ ಥರ್ಡ್ ಪಾರ್ಟಿ ವಿಮೆ ಇಲ್ಲ. ಅವು ಗುದ್ದಿದರೂ ಆ ಹೆಂಗಸಿನ ಗತಿ ಇದೇ, ಇನ್ನೂ ಕಷ್ಟ ಅಂತಲೇ ಹೇಳಬಹುದು. ಯಾಕೆಂದರೆ ಅದು ಮೋಟಾರು ವಾಹನ ಅಲ್ಲ ಅಂತ ನಿಯಮವೇ ಹೇಳಿಬಿಟ್ಟಿದೆ. ಸಣ್ಣ ಗಾಡಿಗೆ ಲೈಸೆನ್ಸಿನ ತಲೆನೋವು ಬೇಡ ಅನ್ನೋದು ಒಳ್ಳೆಯ ಆಲೋಚನೆಯೇ. ಆ ಒಳ್ಳೆಯತನದ ಖರ್ಚನ್ನು ಗುದ್ದಿಸಿಕೊಂಡವರ ತಲೆಗೆ ಕಟ್ಟಿದ್ದೇ ತಪ್ಪು.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತೆ. ಅವತ್ತು ಸಿಗ್ನಲ್‌ನಲ್ಲಿ ಲ್ಯಾಪ್‌ಟಾಪ್ ಬ್ಯಾಗಿನ ಹುಡುಗನಿಗೆ ಸಿಕ್ಕ "ಹುಷಾರು" ಡೆಲಿವರಿ ಬ್ಯಾಗಿನ ಹುಡುಗನಿಗೂ ಸಿಗುತ್ತಿತ್ತಾ? ನನಗೆ ಅನುಮಾನ. ಕಾನೂನು ಸ್ಪಷ್ಟ ಇಲ್ಲದ ಕಡೆ ತೀರ್ಮಾನ ಮಾಡೋದು ಸವಾರನ ಬಟ್ಟೆ ಮತ್ತು ಅವನ ಮಾತಿನ ಧಾಟಿ.

ಪ್ಯಾರಿಸ್ ನಿಷೇಧಿಸಿದ್ದು ಯಾವುದನ್ನು?

ಇಂಥ ಚರ್ಚೆಯಲ್ಲಿ ಯಾರಾದರೂ ಒಬ್ಬರು "ಪ್ಯಾರಿಸ್ಸೇ ಬ್ಯಾನ್ ಮಾಡಿದೆ" ಅಂತಾರೆ. 2023ರ ಏಪ್ರಿಲ್ 2ರ ಮತದಾನದಲ್ಲಿ ಪ್ಯಾರಿಸ್ ಜನ ಬೇಡ ಅಂದದ್ದು ಬಾಡಿಗೆ ಇ-ಸ್ಕೂಟರುಗಳನ್ನು. ಮತ ಹಾಕಿದವರಲ್ಲಿ 89 ಶೇಕಡ ಬೇಡ ಅಂದರು, ಹಾಕಿದವರೇ ನೂರಕ್ಕೆ ಎಂಟು ಜನರೂ ಇರಲಿಲ್ಲ. ಸ್ವಂತ ಗಾಡಿಗಳಿಗೆ ಅದು ತಟ್ಟಲಿಲ್ಲ.

ಸ್ವಂತ ಗಾಡಿಗಳಿಗೆ ಫ್ರಾನ್ಸ್ 2019ರ ಅಕ್ಟೋಬರಿನಲ್ಲೇ ನಿಯಮ ಬರೆದಿತ್ತು. ಒಂಟಿಚಕ್ರವನ್ನೂ ಅದು ಒಳಗೊಂಡಿದೆ. ಶಕ್ತಿಯ ಮಿತಿ ಅಲ್ಲಿಲ್ಲ, ವೇಗದ ಮಿತಿ ಇದೆ: ಗಾಡಿ ತಯಾರಾಗುವಾಗಲೇ 25 ಕಿಲೋಮೀಟರ್ ಮೀರದ ಹಾಗಿರಬೇಕು. ಮೀರುವ ಗಾಡಿ ಓಡಿಸಿದರೆ 1500 ಯೂರೋವರೆಗೆ ದಂಡ. ಊರೊಳಗೆ ಸೈಕಲ್ ಪಥ ಇದ್ದರೆ ಅದರಲ್ಲೇ ಹೋಗಬೇಕು, ಇಲ್ಲದಿದ್ದರೆ 50 ಕಿಲೋಮೀಟರ್ ಮಿತಿಯ ರಸ್ತೆಯಲ್ಲಿ. ಫುಟ್‌ಪಾತ್ ಹತ್ತಿದರೆ 135 ಯೂರೋ. ಕನಿಷ್ಠ ವಯಸ್ಸು 12 ಇತ್ತು, 2023ರಲ್ಲಿ 14 ಆಯ್ತು. ಎಲ್ಲಕ್ಕಿಂತ ಮುಖ್ಯವಾಗಿ, ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸವಾರ ವಿಮೆ ಮಾಡಿಸದೆ ಗುದ್ದಿದರೆ ಗಾಯಗೊಂಡವರಿಗೆ ಒಂದು ಖಾತರಿ ನಿಧಿ ಹಣ ಕೊಟ್ಟು, ಆಮೇಲೆ ಸವಾರನಿಂದ ವಸೂಲು ಮಾಡುತ್ತೆ. ಅಲ್ಲಿ ಎಲ್ಲರೂ ಪಾಲಿಸ್ತಾರೆ ಅಂತಲ್ಲ, 25ರ ಮಿತಿಯ ದುಪ್ಪಟ್ಟು ಓಡುವ ಗಾಡಿಗಳು ಅಲ್ಲೂ ಇವೆ. ಆದರೆ ಸೊಂಟ ಮುರಿದವರು ಯಾರ ಬಾಗಿಲು ತಟ್ಟಬೇಕು ಅನ್ನೋ ಪ್ರಶ್ನೆಗೆ ಉತ್ತರ ಇದೆ.

ಬ್ರಿಟನ್ ಇನ್ನೊಂದು ತುದಿ. ಅಲ್ಲಿ ಒಂಟಿಚಕ್ರ ಮೋಟಾರು ವಾಹನ, ನೋಂದಣಿ ಅಸಾಧ್ಯ, ಹಾಗಾಗಿ ರಸ್ತೆಯಲ್ಲಿ ನಿಷಿದ್ಧ. ಫುಟ್‌ಪಾತಿನಲ್ಲಿ 1835ರ ಹೆದ್ದಾರಿ ಕಾಯ್ದೆಯ ಪ್ರಕಾರ ನಿಷಿದ್ಧ. ಹಾಗಿದ್ದೂ ಲಂಡನ್ನಿನಲ್ಲಿ ಅವು ಓಡುತ್ತವೆ, ವಿಮೆ ಇಲ್ಲದೆ. ನಾವು ಗೊತ್ತಿಲ್ಲದೆ ನಿಂತಿರುವುದು ಬ್ರಿಟನ್ನಿನ ಜಾಗದಲ್ಲಿ, ಅವರಿಗಿರುವ ಸ್ಪಷ್ಟತೆ ಮಾತ್ರ ನಮಗಿಲ್ಲ.

ನಿಯಮ 2(ಯು) ತಿದ್ದಬೇಕಾದವರು ದೆಹಲಿಯ ಸಾರಿಗೆ ಸಚಿವಾಲಯದವರು. ತಿದ್ದುವಾಗ ಚಕ್ರ ಎಣಿಸೋದನ್ನು ಬಿಟ್ಟು ವೇಗ, ತೂಕ, ಬ್ಯಾಟರಿ ಪರೀಕ್ಷೆಯನ್ನು ಇಟ್ಟುಕೊಂಡರೆ ಒಂಟಿಚಕ್ರ, ತಳ್ಳು ಸ್ಕೂಟರ್, ನಾಳೆ ಬರುವ ಇನ್ನೇನೋ ಎಲ್ಲಕ್ಕೂ ಒಂದೇ ಅಳತೆ ಸಾಕಾಗುತ್ತೆ. ಲೈಸೆನ್ಸ್ ಬೇಡ ಅನ್ನೋದು ಹಾಗೇ ಇರಲಿ. ವಿಮೆ ಬೇಡ ಅನ್ನೋದು ಹೋಗಲಿ: ಗಾಡಿ ಮಾರುವಾಗಲೇ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಬೆಲೆಯಲ್ಲಿ ಸೇರಿಸಬಹುದು, ಹೊಸ ಬೈಕಿಗೆ ಈಗ ಮಾಡ್ತಿರೋದೂ ಅದನ್ನೇ. ರಾಜ್ಯ ಸರ್ಕಾರ ದೆಹಲಿಯನ್ನು ಕಾಯಬೇಕಿಲ್ಲ. ಯಾವ ರಸ್ತೆಯಲ್ಲಿ ಯಾವ ಗಾಡಿ ಬೇಡ ಅಂತ ನಿರ್ಬಂಧಿಸುವ ಅಧಿಕಾರ ಸೆಕ್ಷನ್ 115ರಲ್ಲಿ ಅದಕ್ಕಿದೆ. ಸಕ್ರಿಯ ಸಂಚಾರ ಮಸೂದೆಯ ಕರಡಂತೂ ಅದರ ಕೈಯಲ್ಲೇ ಹುಟ್ಟಿದ್ದು.

ನನಗೆ ಬೇಸ್‌ಮೆಂಟಿನಲ್ಲಿ ಕಲಿಸಿದ ಆ ಪರಿಚಯದವರು ಈ ಲೇಖನದ ಕರಡು ಓದಿ, ತಮ್ಮ ಗಾಡಿಗೆ ವಿಮೆ ಸಿಗುತ್ತಾ ಅಂತ ಒಬ್ಬ ಏಜೆಂಟಿಗೆ ಫೋನ್ ಮಾಡಿದರು. ಏಜೆಂಟ್ ಮೊದಲು ಆರ್‌ಸಿ ನಂಬರ್ ಕೇಳಿದರು. ಇಲ್ಲ ಅಂದಾಗ ಚಾಸಿ ನಂಬರ್ ಕೇಳಿದರು. ಅದೂ ಇಲ್ಲ ಅಂದಾಗ, "ಟೂ ವೀಲರ್ರಾ ಸರ್, ಫೋರ್ ವೀಲರ್ರಾ?" ಅಂದರು.

"ಒನ್" ಅಂದದ್ದಕ್ಕೆ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲವಂತೆ. ಆಮೇಲೆ, "ಕೇಳಿ ಹೇಳ್ತೀನಿ ಸರ್" ಅಂದವರು ಇನ್ನೂ ವಾಪಸ್ ಫೋನ್ ಮಾಡಿಲ್ಲ. ಅವರು ಗಾಡಿಯನ್ನು ಸದ್ಯಕ್ಕೆ ಅಪಾರ್ಟ್‌ಮೆಂಟಿನ ಗೇಟಿನ ಒಳಗೇ ಓಡಿಸ್ತಿದ್ದಾರೆ.